ಚಳ್ಳಕೆರೆ ಸೀಮೆಗೆ ಬಂದ ಹೊಸ ಸಿಸ್ಟರ್‌ಗೆ ಕೆಲವು ಸೂತ್ರಗಳು

ನರ್ಸಿಂಗ್ ಮುಗಿಸಿ ಚಳ್ಳಕೆರೆಗೋ ಮೊಳಕಾಲ್ಮುರಿಗೋ ಪೋಸ್ಟಿಂಗ್ ಆಗಿ ಬಂದಿದ್ದೀರಿ. ಆರ್ಡರ್ ಕಾಪಿಯಲ್ಲಿ ಶುಶ್ರೂಷಾಧಿಕಾರಿ ಅಂತಿದ್ದರೂ ವಾರ್ಡಿನಲ್ಲಿ ಜನ ಕರೆಯುವುದು ಸಿಸ್ಟರ್, ನರ್ಸಮ್ಮ ಅಂತಲೇ. ಸೂಜಿ ಹಾಕುವುದು, ಡ್ರಿಪ್ ಲೆಕ್ಕ ಹಾಕುವುದು ಕಲಿತೇ ಬಂದಿದ್ದೀರಿ. ಕರುಣೆಯನ್ನೂ ಹಾಗೆಯೇ ಕಲಿಯಬಹುದು, ದಿನದಿನದ ಡ್ಯೂಟಿಯಲ್ಲಿ ರೂಢಿಸಿಕೊಳ್ಳಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ಈ ಬಯಲುಸೀಮೆಯಲ್ಲಿ ಒಳ್ಳೆಯ ನರ್ಸ್ ಅನ್ನಿಸಿಕೊಳ್ಳಬೇಕಾದರೆ ಹೀಗೆ ಮಾಡಿ.

1. ಮೊದಲು ನಿಮ್ಮ ಹೆಸರು ಹೇಳಿ.
ಇಂಗ್ಲೆಂಡಿನ ವೈದ್ಯೆ ಕೇಟ್ ಗ್ರೇಂಜರ್ ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದಾಗ, ಆರೈಕೆಗೆ ಬಂದವರಲ್ಲಿ ಅನೇಕರು ತಮ್ಮ ಹೆಸರನ್ನೂ ಹೇಳುವುದಿಲ್ಲ ಎಂಬುದನ್ನು ಕಂಡರು. 2013ರಲ್ಲಿ ಅವರು ಶುರುಮಾಡಿದ ‘ನಮಸ್ಕಾರ, ನನ್ನ ಹೆಸರು…’ ಎಂಬ ಅಭಿಯಾನ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿತು. ರೋಗಿಯನ್ನು ‘ಮೂರನೇ ಬೆಡ್’ ಎಂದು ಕರೆಯಬೇಡಿ. ಅಜ್ಜಿ, ಯಜಮಾನ್ರೇ, ಅಣ್ಣ, ಅಕ್ಕ, ತಾಯಿ: ವಯಸ್ಸು ನೋಡಿ ಕರೆಯಿರಿ.

2. ನಾಲ್ಕು ಮಾತು ತೆಲುಗು ಕಲಿಯಿರಿ.
ರಾಯದುರ್ಗ, ಕಲ್ಯಾಣದುರ್ಗ ಇಲ್ಲಿಗೆ ದೂರವಲ್ಲ. ಗಡಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗೇ. ‘ನೊಪ್ಪಿ ಎಕ್ಕಡಮ್ಮಾ?’, ‘ಭಯಪಡೊದ್ದು’ ಅಂದು ನೋಡಿ, ಮುದುಡಿ ಮಲಗಿದ ಮುದುಕಿ ಈ ಕಡೆ ತಿರುಗುತ್ತಾಳೆ.

3. ಹಾವು ಕಡಿದು ಬಂದಾಗ ಆ ಇಪ್ಪತ್ತು ನಿಮಿಷ ನಿಮ್ಮದು.
ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ತಂದುಕೊಟ್ಟದ್ದು ಶೇಂಗಾ. ಕಳೆ ತೆಗೆಯುವಾಗ, ಗಿಡ ಕೀಳುವಾಗ, ಬಣವೆ ಒಟ್ಟುವಾಗ ಹೊಲದಲ್ಲಿ ಹಾವಿನ ಭಯ ಇದ್ದದ್ದೇ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂಬುದು ಸಂಶೋಧಕರ ಅಂದಾಜು. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು.

ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಯಲು ಒಣಗಿದ, ಹೊಸ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಇದು ಮನೆಯವರಿಗೆ ಗೊತ್ತಿರುವುದಿಲ್ಲ. ‘ಮಗ ಸಾಯ್ತಾ ಅವ್ನೆ, ಇವರು ಸುಮ್ನೆ ಕುಂತವ್ರೆ’ ಎಂದು ಗಲಾಟೆ ಹುಟ್ಟುವುದು ಇಲ್ಲೇ. ಆ ಟ್ಯೂಬನ್ನು ಅವರಿಗೇ ತೋರಿಸಿ: ‘ಯಜಮಾನ್ರೇ, ಇದು ಗಟ್ಟಿ ಆಗ್ತೈತೋ ಇಲ್ಲೋ ನೋಡಿ ಇಂಜೆಕ್ಷನ್ ತೀರ್ಮಾನ ಮಾಡ್ತಾರೆ. ಡಾಕ್ಟ್ರು ಇಲ್ಲೇ ಅದಾರೆ. ಅವನ ಕಾಲು ಅಲುಗದಂಗೆ ನೀವು ನೋಡ್ಕಳ್ರಿ.’ ಭಯಪಟ್ಟವರ ಕೈಗೆ ಒಂದು ಕೆಲಸ ಸಿಕ್ಕರೆ ಅರ್ಧ ಗಲಾಟೆ ಅಲ್ಲೇ ತಣ್ಣಗಾಗುತ್ತದೆ.

ನಾಟಿ ಔಷಧಿಗೆ ಹೋಗಿ ತಡವಾಗಿ ಬಂದಿದ್ದಾರೆಯೇ? ಬೈಯಬೇಡಿ. ಬೈಸಿಕೊಂಡವರು ನಿಜ ಮುಚ್ಚಿಡುತ್ತಾರೆ. ಎಷ್ಟು ಹೊತ್ತಿಗೆ ಕಡಿಯಿತು, ಏನು ಕಟ್ಟಿದರು, ಏನು ಕುಡಿಸಿದರು ಎಂಬುದೆಲ್ಲ ನಿಮಗೆ ಬೇಕು. ಬಿಗಿದು ಕಟ್ಟಿದ ಹಗ್ಗವನ್ನು ಡಾಕ್ಟರ್ ಎದುರಿಲ್ಲದೆ ಸಟ್ಟನೆ ಬಿಚ್ಚಬೇಡಿ.

4. ಹೆರಿಗೆ ಕೋಣೆಯಲ್ಲಿ ದನಿ ಏರಬಾರದು.
ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಓದುಬರಹ ಕಲಿತವರಲ್ಲ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಆಸ್ಪತ್ರೆಯ ಹೆರಿಗೆಯೇ ಸುರಕ್ಷಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿಯ ಕೈ ಬೆನ್ನ ಮೇಲಿರುತ್ತಿತ್ತು, ಅಂಥ ಆಸರೆಯನ್ನು ಆಸ್ಪತ್ರೆಯಲ್ಲೂ ಹೆಣ್ಣುಮಗಳು ಹುಡುಕುತ್ತಾಳೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ಆರೈಕೆಯನ್ನು, ಜೊತೆಗೊಬ್ಬ ಹೆಂಗಸು ಇರುವುದನ್ನು ಒತ್ತಿ ಹೇಳುತ್ತದೆ. ತಾಯಿಯನ್ನೋ ಅತ್ತೆಯನ್ನೋ ಒಳಗೆ ಬಿಡಿ.

5. ಗೊಲ್ಲರಹಟ್ಟಿಯ ಬಾಣಂತಿಯನ್ನು ಕಳಿಸುವಾಗ ಅವಸರ ಮಾಡಬೇಡಿ.
ಈ ಭಾಗದ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿ ಮತ್ತು ಕೂಸನ್ನು ಊರಾಚೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಗುಡಿಸಲಿನಲ್ಲಿದ್ದ ಕೂಸೊಂದು ತೀರಿಕೊಂಡಿತು. ಈ ಪದ್ಧತಿ ನಿಲ್ಲಲೇಬೇಕು. ನಿಲ್ಲಿಸುವ ಕೆಲಸ ವಾರ್ಡಿನಲ್ಲಿ ಆ ಹುಡುಗಿಯನ್ನು ಹೀಯಾಳಿಸುವುದರಿಂದ ಆಗುವುದಿಲ್ಲ, ಅವಳ ಕೈಯಲ್ಲಿ ತೀರ್ಮಾನವೇ ಇರುವುದಿಲ್ಲ. ಅತ್ತೆಯನ್ನು, ಗಂಡನನ್ನು ಕೂರಿಸಿಕೊಂಡು ಮಾತಾಡಿ. ಸಾಧ್ಯವಾದರೆ ಇನ್ನೊಂದೆರಡು ದಿನ ವಾರ್ಡಿನಲ್ಲೇ ಉಳಿಸಿಕೊಳ್ಳಲು ಡಾಕ್ಟರನ್ನು ಕೇಳಿ. ಕೂಸನ್ನು ಎದೆಗೆ ಚರ್ಮ ತಾಗುವಂತೆ ಅವುಚಿಕೊಳ್ಳುವುದು ಹೇಗೆ, ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರು ಮೇಲೆ ಎಳೆದರೆ ಏನು ಮಾಡಬೇಕು, ಎಲ್ಲ ಕೈಯಾರೆ ತೋರಿಸಿ. ಆ ಹಟ್ಟಿಯ ಆಶಾ ಕಾರ್ಯಕರ್ತೆಗೆ ನೀವೇ ಫೋನ್ ಮಾಡಿ. ಬಾಣಂತಿ ಹಟ್ಟಿಗೆ ಹೋಗುವಷ್ಟರಲ್ಲಿ ಅವರಿಗೆ ಸುದ್ದಿ ಮುಟ್ಟಿರಬೇಕು.

6. ಸುಳ್ಳು ಸಮಾಧಾನ ಬೇಡ.
ಬರಿದೇ ಭರವಸೆಯ ಹರಟೆ ರೋಗಿಯನ್ನು ದಣಿಸುತ್ತದೆ ಎಂದು ನೈಟಿಂಗೇಲ್ ತಮ್ಮ ನರ್ಸಿಂಗ್ ಪುಸ್ತಕದಲ್ಲಿ ಖಡಾಖಂಡಿತ ಬರೆದಿದ್ದಾರೆ. ಸತ್ಯದ ಮಾತು ಈ ಸೀಮೆಗೂ ಹಳೆಯದೇ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವಿದೆ. ತಂದೆತಾಯಿಯ ಮಾತಿಗೆ ವಿಧೇಯರಾಗುವುದು, ಜೀವಿಗಳ ಮೇಲೆ ದಯೆ, ಸತ್ಯ ನುಡಿಯುವುದು ಅಲ್ಲಿ ಒಂದರ ಹಿಂದೊಂದು ಬರುತ್ತವೆ. ದಯೆಯ ಬೆನ್ನಿಗೇ ಸತ್ಯ ಬಂದಿರುವುದು ನನಗೆ ತುಂಬಾ ಇಷ್ಟ. ‘ಏನೂ ಆಗಲ್ಲ’ ಅನ್ನುವ ಬದಲು ‘ಇವತ್ತು ರಾತ್ರಿ ನಾನು ಡ್ಯೂಟಿಯಲ್ಲಿರ್ತೀನಿ, ನೋವು ಜಾಸ್ತಿ ಆದರೆ ಕರೀರಿ’ ಅನ್ನಿ. ಕರೆದಾಗ ಹೋಗಿ.

7. ಮುದುಕರನ್ನು ಎತ್ತುವಾಗ ಮೆಲ್ಲಗೆ.
ಈ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು; ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಾನುಗಟ್ಟಲೆ ಆ ನೀರನ್ನೇ ಕುಡಿದವರ ಬೆನ್ನು, ಮಂಡಿ ಬಿಗಿದಿರಬಹುದು. ಕೇಳಿ, ಆಮೇಲೆ ಮುಟ್ಟಿ.

8. ಮಾತ್ರೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆಯಿರಿ.
‘1-0-1’ ಓದಲು ಬಾರದವರಿಗೆ ಅದೇ ಸರಿ. ‘ಗೊತ್ತಾಯ್ತಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಮನೇಲಿ ಹೇಗೆ ತಗೋತೀರಿ, ಹೇಳಿ ನೋಡೋಣ’ ಅನ್ನಿ.

9. ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟಾಗ ನಿಮ್ಮ ಕೆಲಸ ಮುಗಿಯಲಿಲ್ಲ.
ಚಳ್ಳಕೆರೆಯವರು ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗುತ್ತಾರೆ. ಮೊಳಕಾಲ್ಮುರು, ರಾಂಪುರದವರಿಗೆ ಬಳ್ಳಾರಿ ಹತ್ತಿರ. ರೇಷ್ಮೆ ಸೀರೆ ನೇಯುವವನಿಗೆ ಮಗ್ಗ ನಿಂತ ದಿನ ಕೂಲಿಯೂ ನಿಂತಂತೆ, ಜೇಬಿನಲ್ಲಿ ಬಸ್ ಚಾರ್ಜೂ ಇಲ್ಲದಿರಬಹುದು. 108ಕ್ಕೆ ನೀವೇ ಫೋನ್ ಮಾಡಿ. ಕೊಟ್ಟ ಔಷಧ, ಕೊಟ್ಟ ಹೊತ್ತು ಎರಡನ್ನೂ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಅಲ್ಲಿ ಯಾವ ಬಾಗಿಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಜೊತೆಯವರಿಗೆ ತಿಳಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ರೇಷನ್ ಕಾರ್ಡು, ಆಧಾರ್ ಬೇಕಾಗುತ್ತವೆ ಎಂದು ಹೊರಡುವ ಮೊದಲೇ ನೆನಪಿಸಿ. ಕಾರ್ಡು ಮನೆಯಲ್ಲೇ ಉಳಿದಿದ್ದರೆ ಯಾರಾದರೂ ಬೈಕಿನಲ್ಲಿ ಹೋಗಿ ಹಿಂದಿನಿಂದ ತರಲಿ, ಆಂಬುಲೆನ್ಸ್ ಅದಕ್ಕಾಗಿ ಕಾಯುವುದು ಬೇಡ.