ಆಟದೊಳಗಣ ವಿಜ್ಞಾನ

ಅಮೆರಿಕದ ಅನೇಕ ಕಾಲೇಜುಗಳಲ್ಲಿ ಸಾಹಿತ್ಯ, ಇತಿಹಾಸ, ವಾಣಿಜ್ಯಗಳನ್ನು ಅಭ್ಯಸಿಸುವವರೂ ಒಂದೆರಡು ವಿಜ್ಞಾನ ವಿಷಯಗಳನ್ನು ಓದಲೇಬೇಕೆಂಬ ನಿಯಮವುಂಟು. ಸೂತ್ರಗಳನ್ನು ಕಂಡರೆ ಅಂಜುವ ಇಂಥವರಿಗೆ ವಿಜ್ಞಾನದ ರುಚಿಯನ್ನು ಹತ್ತಿಸುವುದು ಹೇಗೆ? ಕಂಪ್ಯೂಟರಿನ ಪರದೆಯ ಮೇಲೆ ಆಡುವ ವಿಡಿಯೊ ಆಟವನ್ನೇ ಪಾಠವಾಗಿಸುವುದು ಇದಕ್ಕೆ ಒಂದು ಉಪಾಯ. ಆದರೆ ಆಟದ ನಡುನಡುವೆ ಪ್ರಶ್ನೆ ಕೇಳಿ, ಸರಿಯುತ್ತರಕ್ಕೆ ಅಂಕ ಕೊಟ್ಟರೆ ಅದು ವೇಷ ಬದಲಿಸಿದ ಪರೀಕ್ಷೆಯಾದೀತೇ ಹೊರತು ಆಟವಾಗದು. ಪ್ರಕೃತಿಯ ನಿಯಮವೇ ಆಟದ ನಿಯಮವಾಗಬೇಕು. ಈ ಮಾತಿಗೆ ‘ಫೋಲ್ಡಿಟ್’ ಎಂಬ ಆಟ ಉತ್ತಮ ನಿದರ್ಶನ.

ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜೀವರಸಾಯನ ವಿಜ್ಞಾನಿಗಳೂ ಕಂಪ್ಯೂಟರ್ ವಿಜ್ಞಾನಿಗಳೂ ಕೂಡಿ ಈ ಆಟವನ್ನು 2008ರಲ್ಲಿ ಹೊರತಂದರು. ಇದು ಸಂಶೋಧನೆಗಾಗಿ ಹುಟ್ಟಿದ್ದು. ಆದರೂ ಇದರ ರಚನೆಯಲ್ಲಿ ಬೋಧಕರು ಕಲಿಯಬೇಕಾದುದು ಬಹಳವಿದೆ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರವಿದ್ದಂತೆ. ಈ ಸರವು ಮಡಿಚಿಕೊಂಡು ತಳೆಯುವ ಆಕಾರವನ್ನು ಅದರ ಕಾರ್ಯವು ಬಹುಮಟ್ಟಿಗೆ ಅವಲಂಬಿಸಿದೆ. ಆಕಾರವನ್ನು ಅರಿತರೆ ರೋಗಕ್ಕೆ ಮದ್ದು ಹುಡುಕುವ ದಾರಿ ಸುಗಮವಾಗುತ್ತದೆ. ಆದರೆ ಮಡಿಚಬಹುದಾದ ಬಗೆಗಳು ಮಾತ್ರ ಎಣಿಕೆಗೆ ಸಿಕ್ಕವು.

ಆಟಗಾರನು ಪರದೆಯ ಮೇಲಿನ ಸರವನ್ನು ಎಳೆದು, ತಿರುಚಿ, ಮಡಿಚಬೇಕು. ನೀರಿಗೆ ಒಗ್ಗದ ಭಾಗಗಳು ಒಳಗೆ ಅಡಗಬೇಕು. ಪರಮಾಣುಗಳು ಒಂದರ ಮೇಲೊಂದು ಒತ್ತಿಕೊಳ್ಳಬಾರದು. ಒತ್ತಿಕೊಂಡೆಡೆ ಕೆಂಪು ಗುರುತು ಎಚ್ಚರಿಸುತ್ತದೆ. ಸರದ ಶಕ್ತಿಯ ಮಟ್ಟ ತಗ್ಗಿದಷ್ಟೂ ಅಂಕ ಏರುತ್ತದೆ. ಮೊದಲ ಹಂತಗಳು ಸುಲಭ. ಒಂದೊಂದೂ ಒಂದೊಂದು ತತ್ತ್ವವನ್ನು ಪರಿಚಯಿಸುತ್ತದೆ. ತಪ್ಪಿದರೆ ಹಿಂದಿನ ಸ್ಥಿತಿಗೆ ಮರಳಿ ಮತ್ತೆ ಯತ್ನಿಸಬಹುದು. ಹೀಗೆ ಹೆಸರುಗಳನ್ನು ಬಾಯಿಪಾಠ ಮಾಡುವ ಮುನ್ನವೇ ನಿಯಮಗಳು ಕೈಗೆ ಪರಿಚಿತವಾಗುತ್ತವೆ.

ಇದರ ಫಲ 2011ರಲ್ಲಿ ಜಗತ್ತಿಗೆ ತಿಳಿಯಿತು. ಕೋತಿಗಳಲ್ಲಿ ಏಡ್ಸ್‌ನಂಥ ರೋಗವನ್ನುಂಟುಮಾಡುವ ವೈರಸ್ಸೊಂದರ ಕಿಣ್ವದ ರಚನೆಯು ಹತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನಿಗಳಿಗೆ ಬಗೆಹರಿಯದ ಒಗಟಾಗಿತ್ತು. ಫೋಲ್ಡಿಟ್ ಆಟಗಾರರು ಸುಮಾರು ಮೂರು ವಾರಗಳಲ್ಲಿ ರೂಪಿಸಿದ ಮಾದರಿಯ ನೆರವಿನಿಂದ ಅದು ಬಿಡಿಸಿತು. ಈ ಆಟವನ್ನು ಆಡುತ್ತಿದ್ದವರಲ್ಲಿ ಅನೇಕರು ಜೀವರಸಾಯನಶಾಸ್ತ್ರವನ್ನು ಓದಿದವರೇ ಅಲ್ಲ!

2020ರಲ್ಲಿ ‘ಆಲ್ಫಾಫೋಲ್ಡ್’ ಎಂಬ ಕಂಪ್ಯೂಟರ್ ವ್ಯವಸ್ಥೆಯು ಅನೇಕ ಪ್ರೋಟೀನುಗಳ ಆಕಾರವನ್ನು ಬಹು ನಿಖರವಾಗಿ ಊಹಿಸಿ ತೋರಿಸಿತು. ಹಾಗಾದರೆ ಮನುಷ್ಯನ ಆಟ ವ್ಯರ್ಥವಾಯಿತೆ? ಇಲ್ಲ. ಯಂತ್ರವು ಉತ್ತರವನ್ನು ಕೊಡಬಲ್ಲುದು. ಆದರೆ ನಮಗೆ ಬದಲಾಗಿ ಅದು ಅರಿತುಕೊಳ್ಳಲಾರದು. ಆಟವೊಂದೇ ಸಾಲದೆಂಬುದೂ ನಿಜ. ಆಟ ಮುಗಿದ ಮೇಲೆ “ಅಂಕ ಏಕೆ ಏರಿತು?” ಎಂದು ಕೇಳುವ ಅಧ್ಯಾಪಕರು ಬೇಕು, ಕಾರಣವನ್ನು ತನ್ನ ಮಾತಿನಲ್ಲಿ ಹೇಳಲು ಯತ್ನಿಸುವ ವಿದ್ಯಾರ್ಥಿಯೂ ಬೇಕು. ಕೈ ಕಂಡುಕೊಂಡ ನಿಯಮವನ್ನು ಬುದ್ಧಿಯೂ ಒಪ್ಪಿಕೊಂಡಾಗಲೇ ಆಟವು ವಿದ್ಯೆಯಾಗುತ್ತದೆ.