1804ರ ಡಾಲರ್: ನಾಣ್ಯದ ಮೇಲಿನ ಇಸವಿಯನ್ನು ನಂಬಬಹುದೇ?

ಇತಿಹಾಸದ ಪಾಠದಲ್ಲಿ ನಾಣ್ಯಗಳನ್ನು ಪ್ರಮುಖ ಆಧಾರಗಳೆಂದು ಓದುತ್ತೇವೆ. ಆದರೆ ಆಧಾರವನ್ನೂ ಪರೀಕ್ಷಿಸಿಯೇ ಒಪ್ಪಬೇಕು. ಸಂಗ್ರಾಹಕರು ಕೋಟಿಗಟ್ಟಲೆ ಹಣ ತೆರುವ ಅಮೆರಿಕದ 1804ರ ಬೆಳ್ಳಿ ಡಾಲರ್ ಇದಕ್ಕೆ ಉತ್ತಮ ಉದಾಹರಣೆ.

ಹಿನ್ನೆಲೆ

1792ರ ನಾಣ್ಯ ಕಾಯ್ದೆಯಂತೆ ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಆರಂಭವಾಯಿತು. ಅಂದು ಅಲ್ಲಿ ಚಲಾವಣೆಯಲ್ಲಿದ್ದ ಸ್ಪೇನಿನ ಡಾಲರಿನ ಮಾದರಿಯಲ್ಲಿ, ಸುಮಾರು 27 ಗ್ರಾಂ ತೂಕದ ಬೆಳ್ಳಿ ಡಾಲರ್ ನಿಗದಿಯಾಯಿತು. 1794ರಲ್ಲಿ ಹೊರಬಂದವು 1,758 ಮಾತ್ರ. ಅವುಗಳಲ್ಲೊಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚಿನ ಬೆಲೆ ಪಡೆಯಿತು.

ಲೆಕ್ಕಪುಸ್ತಕದ ಒಗಟು

1804ರಲ್ಲಿ 19,570 ಡಾಲರುಗಳು ತಯಾರಾದವೆಂದು ಟಂಕಸಾಲೆಯ ಲೆಕ್ಕ ಹೇಳುತ್ತದೆ. ಆದರೆ ‘1804’ ಎಂಬ ಇಸವಿಯುಳ್ಳ ಡಾಲರುಗಳು ಇಂದು ಇಪ್ಪತ್ತೂ ಇಲ್ಲ! ಕಾರಣ ಸರಳ. ಅಚ್ಚು ಮಾಡುವುದು ದುಬಾರಿಯಾದ್ದರಿಂದ ಹಿಂದಿನ ವರ್ಷದ ಅಚ್ಚುಗಳನ್ನೇ ಬಳಸುತ್ತಿದ್ದರು. ಆ ವರ್ಷದ ನಾಣ್ಯಗಳ ಮೇಲೆ ಹಳೆಯ ಇಸವಿಯೇ ಇತ್ತು.

ಹಾಗಾದರೆ ‘1804’ರ ನಾಣ್ಯ ಎಲ್ಲಿಂದ ಬಂತು? ಅಮೆರಿಕದ ರಾಯಭಾರಿ ಎಡ್ಮಂಡ್ ರಾಬರ್ಟ್ಸ್ 1833ರಲ್ಲಿ ಸಯಾಮ್ ಮತ್ತು ಮಸ್ಕತ್‌ಗಳೊಡನೆ ವ್ಯಾಪಾರ ಒಪ್ಪಂದ ಮಾಡಿಕೊಂಡರು. ಅಲ್ಲಿನ ಅರಸರಿಗೆ ಕೊಡಲು 1834ರಲ್ಲಿ ಅಮೆರಿಕದ ನಾಣ್ಯಗಳ ಉಡುಗೊರೆ ಪೆಟ್ಟಿಗೆಗಳು ಸಿದ್ಧವಾದವು. ಡಾಲರ್ ಕೊನೆಯದಾಗಿ ತಯಾರಾದದ್ದು 1804ರಲ್ಲಿ ಎಂದು ಲೆಕ್ಕದಲ್ಲಿ ಕಂಡ ಅಧಿಕಾರಿಗಳು ಅದೇ ಇಸವಿಯನ್ನು ಹೊಸ ಅಚ್ಚಿನಲ್ಲಿ ಕೆತ್ತಿಸಿದರು. 1835ರಲ್ಲಿ ಒಂದು ಪೆಟ್ಟಿಗೆ ಮಸ್ಕತ್‌ನ ಸುಲ್ತಾನ ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ ಅವರಿಗೂ, ಮರುವರ್ಷ ಇನ್ನೊಂದು ಸಯಾಮ್ ದೊರೆಗೂ ತಲುಪಿತು. ಮಸ್ಕತ್‌ಗೆ ಹೋದದ್ದೆಂದು ನಂಬಲಾದ ಡಾಲರ್ 1999ರಲ್ಲಿ 41.4 ಲಕ್ಷ ಡಾಲರಿಗೆ ಮಾರಾಟವಾಯಿತು.

ಸತ್ಯ ಹೊರಬಿದ್ದ ಬಗೆ

ಈ ನಾಣ್ಯದ ಎತ್ತರಿಸಿದ ಅಂಚು, ಮಣಿಗಳಂತಹ ಚುಕ್ಕೆಗಳು 1804ರ ತಂತ್ರಕ್ಕೆ ಸೇರಿದವಲ್ಲ, ನಂತರದ ಕಾಲದವು. 1858ರ ಸುಮಾರಿಗೆ ಟಂಕಸಾಲೆಯ ನೌಕರರು ಗುಟ್ಟಾಗಿ ಇನ್ನಷ್ಟು ಒತ್ತಿದರು. ಅವುಗಳಲ್ಲೊಂದನ್ನು ಸ್ವಿಟ್ಜರ್ಲೆಂಡಿನ 1857ರ ನಾಣ್ಯದ ಮೇಲೆಯೇ ಒತ್ತಲಾಗಿದೆ. ಹಳೆಯ ನಾಣ್ಯದ ಗುರುತು ಅದರಲ್ಲಿ ಇನ್ನೂ ಕಾಣುತ್ತದೆ. 1857ರ ನಾಣ್ಯದ ಮೇಲೆ ಮೂಡಿದ್ದು 1804ರದ್ದಾಗುವುದು ಹೇಗೆ? 1962ರಲ್ಲಿ ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಈ ಎಲ್ಲ ಸಾಕ್ಷ್ಯಗಳನ್ನು ದಾಖಲೆಗಳೊಡನೆ ಹೋಲಿಸಿ ಪುಸ್ತಕ ಬರೆದರು. ಅದೇ ವರ್ಷ ಸಯಾಮ್ ದೊರೆಯ ಪೆಟ್ಟಿಗೆಯೂ ಬೆಳಕಿಗೆ ಬಂದು ಅವರ ವಾದಕ್ಕೆ ಬಲ ನೀಡಿತು.

ನಾವು ಕಲಿಯಬೇಕಾದದ್ದು

1. ನಾಣ್ಯದ ಇಸವಿ ಒಂದು ಹೇಳಿಕೆ ಮಾತ್ರ. ತೂಕ, ಅಂಚು, ಅಚ್ಚಿನ ಗುರುತುಗಳು ಅದಕ್ಕೆ ಸಾಕ್ಷಿ ನುಡಿಯಬೇಕು.
2. ಸರ್ಕಾರಿ ದಾಖಲೆ ಸರಿಯಿದ್ದರೂ ಅದನ್ನು ಓದುವವರು ತಪ್ಪಬಹುದು.
3. ಹಳೆಯ ನಾಣ್ಯ ಸಿಕ್ಕರೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಹೊಳಪಿನ ಆಸೆಗೆ ಸಾಕ್ಷ್ಯವೂ ಬೆಲೆಯೂ ಅಳಿದುಹೋಗುತ್ತವೆ.

ಯೋಚಿಸಿರಿ: ನಿಮ್ಮ ಮನೆಯಲ್ಲಿರುವ ಹಳೆಯ ನಾಣ್ಯವೊಂದರ ಕಾಲವನ್ನು ಇಸವಿ ನೋಡದೆ ಹೇಗೆ ಗುರುತಿಸುವಿರಿ?