ಕೊನೆಯಲ್ಲಿ ಬರೆದ ಆ ಒಂದು ಸಾಲು

ಪ್ರಶ್ನೆ: ನನಗೆ 58 ವರ್ಷ, ಊರು ಬಳ್ಳಾರಿ ಹತ್ತಿರದ ಕೊಳಗಲ್ಲು. ಬಿಪಿ ತೋರಿಸಲು ಹೋದಾಗ ರಕ್ತದಲ್ಲಿ ಕ್ಯಾಲ್ಸಿಯಂ 10.9 ಬಂತು, 10.5 ದಾಟಬಾರದಂತೆ. ಎರಡನೇ ಸಲವೂ ಅಷ್ಟೇ. ಪಿಟಿಎಚ್ ಕೂಡ ಹೆಚ್ಚಿದೆ. ಪ್ಯಾರಾಥೈರಾಯ್ಡ್ ತೊಂದರೆ, ಸ್ವಲ್ಪವೇ ಇದೆ ಅಂದರು. ಮಗ ಆಪರೇಷನ್ ಮಾಡಿಸೋಣ ಅನ್ನುತ್ತಾನೆ. ನನಗೇನೂ ನೋವಿಲ್ಲ, ಹೊಲಕ್ಕೂ ಹೋಗುತ್ತೇನೆ. ಹಾಲು, ಮೊಸರು ಬಿಟ್ಟಿದ್ದೇನೆ. ಹೀಗೇ ಇದ್ದರೆ ಆಗದೇ? ಹಿಂದೊಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು, ಅದು ಹೋಗಿದೆ.

ಉತ್ತರ: ಅಕ್ಕಾ, ಇವತ್ತೇ ರೊಟ್ಟಿಯ ಜೊತೆ ಮೊಸರು ಹಾಕಿಕೊಳ್ಳಿ. ನಿಮ್ಮ ಕ್ಯಾಲ್ಸಿಯಂ ಏರಿದ್ದು ಮೊಸರಿನಿಂದಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ನಾಲ್ಕಿವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ದಪ್ಪಗಾಗಿ ಪಿಟಿಎಚ್ ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ಅದು ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆದು ತರುತ್ತದೆ. ಊಟದಲ್ಲಿ ಕಡಿಮೆ ಮಾಡಿದರೆ ಮೂಳೆಗೇ ಇನ್ನಷ್ಟು ನಷ್ಟ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ನೀವಾಗಿಯೇ ನುಂಗಬೇಡಿ.

ಹೀಗೇ ಇರಬಹುದೇ ಎಂದು ಕೇಳಿದ್ದೀರಿ. 50 ದಾಟಿದವರಲ್ಲಿ ಕ್ಯಾಲ್ಸಿಯಂ ಮಿತಿಗಿಂತ 1 ಮಿಲಿಗ್ರಾಂ ಒಳಗೇ ಹೆಚ್ಚಿದ್ದು, ಮೂಳೆ, ಕಿಡ್ನಿ ಎರಡೂ ಚೆನ್ನಾಗಿದ್ದರೆ ಧಾರಾಳವಾಗಿ ಇರಬಹುದು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮೂಳೆ ಸ್ಕ್ಯಾನ್ ತಪ್ಪಿಸಬಾರದು, ಅಷ್ಟೇ. ನಿಮ್ಮ 10.9 ನೋಡಿ ನಾನೂ ಅದನ್ನೇ ಬರೆಯುವವಳಿದ್ದೆ. ಆದರೆ ಲೆಕ್ಕಕ್ಕಿಲ್ಲದಂತೆ ಕೊನೆಯಲ್ಲಿ ಬರೆದ ಕಲ್ಲಿನ ಮಾತು ನನ್ನನ್ನು ತಡೆಯಿತು. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ನೀರು ಸಾಲದೆಯೇ ಎಷ್ಟೋ ಜನರಿಗೆ ಕಲ್ಲಾಗುತ್ತದೆ, ನಿಜ. ಆದರೂ ಈ ಕಾಯಿಲೆ ಇದ್ದವರಿಗೆ ಕಲ್ಲು ಆಗಿದ್ದರೆ ಅದೊಂದೇ ಆಪರೇಷನ್‌ಗೆ ಸಾಕಷ್ಟು ಕಾರಣ. ನಿಮ್ಮ ಡಾಕ್ಟರಿಗೆ ಇದನ್ನು ಹೇಳಿದ್ದೀರಾ?

ಹೇಳಿ, ಕಿಡ್ನಿ ಸ್ಕ್ಯಾನ್, ಕ್ರಿಯಾಟಿನಿನ್, ವಿಟಮಿನ್ ಡಿ, 24 ಗಂಟೆಯ ಮೂತ್ರ ಪರೀಕ್ಷೆ ಮಾಡಿಸಿ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕ್ಯಾಲ್ಸಿಯಂ ಹೆಚ್ಚಿರುತ್ತದೆ, ಅವರಿಗೆ ಆಪರೇಷನ್ನಿಂದ ಪ್ರಯೋಜನವಿಲ್ಲ. ಆ ಸುಳಿವು ಸಿಗುವುದು ಮೂತ್ರದಲ್ಲೇ. ಮೂಳೆಯ ಡೆಕ್ಸಾ ಸ್ಕ್ಯಾನ್ ಮಾಡುವಾಗ ಸೊಂಟ, ಬೆನ್ನಿನ ಜೊತೆ ಮುಂಗೈಯನ್ನೂ ನೋಡಲು ಕೇಳಿ. ಈ ಹಾರ್ಮೋನು ಹೆಚ್ಚಾಗಿ ಸವೆಸುವುದು ಮುಂಗೈ ಮೂಳೆಯನ್ನು, ಅದನ್ನೇ ಬಿಟ್ಟುಬಿಡುವುದು ಸಾಮಾನ್ಯ. ಬಿಪಿ ಮಾತ್ರೆಯ ಚೀಟಿಯನ್ನೂ ತೋರಿಸಿ. ಕ್ಲೋರ್‌ಥ್ಯಾಲಿಡೋನ್‌ನಂಥ ಮಾತ್ರೆ ಕ್ಯಾಲ್ಸಿಯಂ ಏರಿಸುತ್ತದೆ. ನೀವಾಗಿ ನಿಲ್ಲಿಸಬೇಡಿ, ಬದಲಿಸಲು ಕೇಳಿ.

ಆಪರೇಷನ್ ಎಂದರೆ ಕುತ್ತಿಗೆಯಲ್ಲಿ ಸಣ್ಣ ಗಾಯ. ಪಳಗಿದ ಕೈಯಲ್ಲಿ 100ಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ದನಿಯ ನರಕ್ಕೆ ಪೆಟ್ಟಾಗುವ, ಕ್ಯಾಲ್ಸಿಯಂ ತೀರಾ ಇಳಿಯುವ ಅಪಾಯ ಸ್ವಲ್ಪ ಇದೆ. ಆದ್ದರಿಂದ ಇದೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ. ವೆಲ್ಲೂರಿನ ಸಿಎಂಸಿಯಲ್ಲಿ ಇಂಥ ಗ್ರಂಥಿಗಳ ಶಸ್ತ್ರಚಿಕಿತ್ಸೆಗೆಂದೇ ಬೇರೆ ವಿಭಾಗವಿದೆ. ಅವಸರವೇನಿಲ್ಲ, ವಿಚಾರಿಸಲು ಸಮಯವಿದೆ.

ಅಲ್ಲಿಯವರೆಗೆ ಹೊಲಕ್ಕೆ ನೀರಿನ ಬಾಟಲಿ ಒಂದಲ್ಲ, ಎರಡು ಒಯ್ಯಿರಿ. ವಾಂತಿಭೇದಿಯಾದರೆ ಮನೆಯಲ್ಲಿ ಕೂರಬೇಡಿ, ಮೈಯ ನೀರು ಆರಿದರೆ ಕ್ಯಾಲ್ಸಿಯಂ ಸರ್ರನೆ ಏರುತ್ತದೆ. ಈ ಸಲ ಮಗನ ಮಾತು ಸರಿ ಎಂದೇ ನನಗೆ ಅನ್ನಿಸುತ್ತದೆ. ಇಬ್ಬರೂ ಹೋಗಿ, ಆ ಹಳೆಯ ಕಲ್ಲಿನ ರಿಪೋರ್ಟು ಟ್ರಂಕಿನಲ್ಲಿದ್ದರೆ ಹುಡುಕಿ ಒಯ್ಯಿರಿ.